ಏಡಿಬಿಲ

ಅಘನಾಶಿನಿ ದಂಡೆಯ ಬೆಳಚು ಸಂಘದ ಕಚೇರಿಯಲ್ಲಿ
ನಾಲ್ಕು ವರ್ಷದ ಹಿಂದೆ ನಾನೇ
ಎರಡು ಸ್ಕ್ರೂ ಬಿಗಿದು ಕೂರಿಸಿದ ವೈಫೈ ಪೆಟ್ಟಿಗೆ.
ಬೆನ್ನಿಗೆ ಹಲ್ಲಿಯ ಮೊಟ್ಟೆ ಎರಡು,
ಆಂಟೆನಾಕ್ಕೆ ಯಾರೋ ಸಿಕ್ಕಿಸಿ ಮರೆತ ಅಬ್ಬಲಿಗೆ,
ಹಸಿರು ದೀಪ ಮಾತ್ರ ಮೊದಲ ದಿನದ ಹಾಗೆ.

"ಹಾಕಿದ ದುಡ್ಡು ಹೋಗಿದೆ, ಎಲ್ಲಿಗೂ ಮುಟ್ಟಲಿಲ್ಲ"
ಅಂದಳು ಕಾರ್ಯದರ್ಶಿ ಶೇವಂತಿ ಹರಿಕಂತ್ರ.
ಮೂವತ್ತೊಂದು ಹೆಂಗಸರು ಸೊಂಟಮಟ್ಟದ ನೀರಲ್ಲಿ
ಕಾಲ್ಬೆರಳಿಂದ ತಡಕಿ ಎತ್ತಿದ ಬೆಳಚಿನ
ಎರಡು ವಾರದ ಗಳಿಕೆ
ಬ್ಯಾಂಕಿನಂತೆಯೇ ಕಾಣುವ, ಬ್ಯಾಂಕಲ್ಲದ
ಪುಟವೊಂದರ ಬಾಯಿಗೆ.
ಕೆಂಪು ಎಚ್ಚರಿಕೆ ಬಂದಿತ್ತಂತೆ. ಸರಿ ಎಂದು ಒತ್ತಿದಳಂತೆ.
ದಿನವೂ ಏನಾದರೊಂದು ಬರುತ್ತದಲ್ಲ ಹಾಗೆ.

ಲ್ಯಾಪ್‌ಟಾಪ್ ತೆರೆದೆ.
ಹೆಸರು ಕೇಳಿತು: ಅಡ್ಮಿನ್.
ಗುಟ್ಟು ಕೇಳಿತು: ಅಡ್ಮಿನ್.
ಪಟ್ಟಿಯಲ್ಲಿ ಏಳು ಫೋನು, ಏಳಕ್ಕೂ ಮುಖ ಉಂಟು:
ಶೇವಂತಿಯದು, ಅವಳ ನಾದಿನಿಯದು,
ಐಸು ಗಾಡಿಯ ಮೊಯಿದ್ದೀನನದು...
ಎಂಟನೆಯದು ಬರೀ ಅಂಕಿ,
ಬಂದದ್ದು ರಾತ್ರಿ ಎರಡೂ ಹತ್ತಕ್ಕೆ.
ದಾರಿಯ ಕೈಮರವನ್ನು ಬುಡಸಮೇತ ತಿರುಗಿಸಿ ನೆಟ್ಟಿದ್ದಾರೆ.
ಊರ ಹೆಸರು ಅದೇ,
ಬಾಣದ ಮೂತಿ ಬೇರೆ ಕಡೆಗೆ.

ಬೆಂಚಿನ ತುದಿಗೆ ಹಮ್ಮಣ್ಣ ಪಟಗಾರ,
ಗಜನಿಯ ಜಂತ್ರಡಿ ಏರಿಸಿ ಇಳಿಸುವವ,
ಕಂಕುಳಲ್ಲಿ ಪಾಸ್‌ಬುಕ್ಕು.
"ತೂತು ಎಲ್ಲುಂಟು ತೋರಿಸಾ."
ಕಣ್ಣಿಗೆ ಕಾಣುವುದಿಲ್ಲ, ಅಂದೆ.
"ಏಡಿಬಿಲವೂ ಹಾಂಗೇಯ.
ಇಳತದಲ್ಲಿ ನೋಡಿದರೆ ಕಟ್ಟೆ ಕಟ್ಟೆಯೇ.
ಭರತಿ ಬಂದ ಮೇಲೆ,
ಹಲಗೆ ಇಳಿಸಿದ್ದರೂ ಗದ್ದೆಯೆಲ್ಲ ಉಪ್ಪು.
ಕಗ್ಗ ಭತ್ತವಾದರೆ ಒಂದೆರಡು ದಿನ ತಡೆದೀತು.
ಏಡಿಯನ್ನು ಬೈಯಬೇಡ ತಮ್ಮಾ, ಅದರ ಹೊಟ್ಟೆಪಾಡು.
ಸಂಜೆ ಕಟ್ಟೆ ಸುತ್ತಬೇಕಾದವ
ಎಲ್ಲಿ ಹೋಗಿದ್ದ, ಅದನ್ನು ಕೇಳು."

ಕದ್ದವನು ಏಡಿಯಲ್ಲ ಹಮ್ಮಣ್ಣ,
ಎಲ್ಲೋ ಫ್ಯಾನಿನ ಕೆಳಗೆ ಕೂತ ಮನುಷ್ಯ,
ಎನ್ನಬೇಕೆಂದಿದ್ದೆ.
ಗಂಟಲಲ್ಲೇ ನಿಂತಿತು.

ಆ ವರ್ಷ ಮಳೆ ಹಿಡಿಯುವ ಮೊದಲು ಮುಗಿಸಬೇಕಿತ್ತು.
ದಿನಕ್ಕೆ ಆರು ಮನೆ, ಮನೆಗೆ ನೂರೈವತ್ತು.
ಎಲ್ಲದಕ್ಕೂ ಕಂಪನಿಯ ಗುಟ್ಟನ್ನೇ ಬಿಟ್ಟೆ.
ನಾಳೆ ರಿಪೇರಿಗೆ ಬಂದರೆ
ಯಾರನ್ನೂ ಕೇಳುವ ಕೆಲಸವಿಲ್ಲ ನೋಡಿ.
ಪೆಟ್ಟಿಗೆಯ ಒಳಗಿನ ತಂತ್ರಾಂಶ ಹಳತಾಯಿತು,
ಹೊಸದು ಹಾಕಿ ಎಂದು ಅದು ಬೇಡಿಕೊಂಡದ್ದು
ನಾನಲ್ಲದೆ ಇನ್ಯಾರೂ ಓದದ ಪುಟದಲ್ಲಿ.
ನಾನೂ ಓದಲಿಲ್ಲ.
ಬೀಗ ಮುರಿದದ್ದಲ್ಲ ಯಾರೂ.
ಕದದ ಮೇಲೆ ಬೀಗದ ಚಿತ್ರ ಬರೆದು
ಚಹಾ ಕುಡಿದು ಹೋಗಿದ್ದೆ.

ಇದನ್ನು ಶೇವಂತಿಗೆ ಹೇಳಿದೆ. ಪೂರ್ತಿ ಅಲ್ಲ,
ಚಹಾದವರೆಗೆ.
ಅವಳು ಏನೂ ಅನ್ನಲಿಲ್ಲ.
ಹೊಸ ಗುಟ್ಟು ಹಾಕುವಾಗ ಮಾತ್ರ
"ನೀವು ಆಚೆ ತಿರುಗಿ" ಅಂದಳು.
ತಿರುಗಿದೆ.
ಗೋಡೆಯಲ್ಲಿ ಭರತಿ ಇಳತದ ಕ್ಯಾಲೆಂಡರು.
ಬೆನ್ನ ಹಿಂದೆ ಕೀಲಿಗಳ ಟಕಟಕ,
ಹದಿನೇಳರ ತನಕ ಎಣಿಸಿ ನಾಚಿಕೆಯಾಗಿ ಬಿಟ್ಟೆ.

ಎಂಟನೆಯದು ಪಟ್ಟಿಯಿಂದ ಹೋಯಿತು.
ದುಡ್ಡು ಬರಲಿಲ್ಲ.
ದೂರು ಕೊಡಲು ಕಾರವಾರಕ್ಕೆ ಮೂರು ಸಲ,
ಬಸ್ಸಿನಲ್ಲಿ ಅವಳು ಕಿಟಕಿಗೆ, ನಾನು ಹಿಂದಿನ ಸೀಟಿಗೆ.

ಹಳೆಯ ಡೈರಿಯಲ್ಲಿ ನೂರ ನಲವತ್ತಮೂರು ಮನೆ.
ಸ್ಕೂಟರಿಗೆ ಎಣ್ಣೆ ಹಾಕಿಸಿ ಮಾಸೂರಿಂದ ಶುರು.
ಮೊದಲನೆಯದು ನಿವೃತ್ತ ಪೋಸ್ಟ್‌ಮನ್ ಗಣಪು ಅಂಬಿಗರದು.
ಜಗಲಿಯಿಂದಲೇ ಕೇಳಿದರು:
"ನಾವು ಕರೆದಿಲ್ಲವಲ್ಲ, ಏನಾಗಿದೆ?
ಚಲೋ ನಡೀತಾ ಉಂಟಲ್ಲ ಅದು?"

ಉಂಟು, ಅಂದೆ. ಅದಕ್ಕೇ ಬಂದೆ.
ಒಂದು ಸ್ಟೂಲು ಕೊಡುತ್ತೀರಾ.